ಗಂಟೆಗೆ ಎಂಟು ರೂಪಾಯಿ, ತಿಂಗಳಿಗೆ ಎಂಟು ಸಾವಿರ

ಅರಸೀಕೆರೆ ಮತ್ತು ತಿಪಟೂರು ಎಪಿಎಂಸಿಗಳಲ್ಲಿ ಹರಾಜಿನ ದಿನ ಕೊಬ್ಬರಿಗೆ ಎಷ್ಟು ದರ ಸಿಕ್ಕಿತು ಎಂಬುದನ್ನು ಒಂದೇ ಕಡೆ ತೋರಿಸಬೇಕು, ಮುಂದಿನ ವಾರ ದರ ಏರಬಹುದೋ ಇಳಿಯಬಹುದೋ ಎಂದು ಅಂದಾಜು ಹೇಳಬೇಕು. ಐದನೇ ಸೆಮಿಸ್ಟರಿನಲ್ಲಿ ನಾವು ನಾಲ್ವರು ಗೆಳೆಯರು ಆರಿಸಿಕೊಂಡ ಮಿನಿ ಪ್ರಾಜೆಕ್ಟ್ ಇದು. ನಾಲ್ವರ ಮನೆಯಲ್ಲೂ ತೆಂಗಿನ ತೋಟ ಇರುವುದರಿಂದ ವಿಷಯ ಹುಡುಕಲು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಕಂಪ್ಯೂಟರ್ ಹುಡುಕಲು.

ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ದರ ಅಂದಾಜಿಸುವ ಪ್ರೋಗ್ರಾಂ ಓಡಿಸಿದರೆ ಅವು ನಿಂತೇಬಿಡುತ್ತಿದ್ದವು. ಹಾಗಾಗಿ ಕ್ಲೌಡ್‌ನಲ್ಲಿ ಒಂದು ವರ್ಚುವಲ್ ಮಷಿನ್ ಬಾಡಿಗೆಗೆ ತೆಗೆದುಕೊಂಡೆವು. ಉಚಿತವಾಗಿ ಸಿಗುವ ಮಷಿನ್‌ನಲ್ಲಿ 1 ಜಿಬಿ ಮೆಮೊರಿ ಮಾತ್ರ ಇತ್ತು, ಸಾಲಲಿಲ್ಲ. 2 ಕೋರ್, 8 ಜಿಬಿ ಮೆಮೊರಿಯದ್ದನ್ನು ಆರಿಸಿದೆವು. ಬಾಡಿಗೆ ಗಂಟೆಗೆ ಸುಮಾರು 8 ರೂಪಾಯಿ. ‘ಬಸ್ ಸ್ಟ್ಯಾಂಡಲ್ಲಿ ಒಂದು ಟೀಗೇ ಇದಕ್ಕಿಂತ ಜಾಸ್ತಿ ಆಗುತ್ತಲ್ಲೋ ಮಗಾ’ ಎಂದು ಗೆಳೆಯ ನಕ್ಕ. ಅಪ್ಪನ ಡೆಬಿಟ್ ಕಾರ್ಡ್ ನಂಬರ್ ಕೊಟ್ಟೆ. ಡೆಮೊ ಚೆನ್ನಾಗಿ ಆಯಿತು, ಪರೀಕ್ಷೆ ಬಂತು, ಮಷಿನ್ ಮರೆತುಹೋಯಿತು.

ತಿಂಗಳು ಮುಗಿದ ಮೇಲೆ ಅಪ್ಪನ ಖಾತೆಯಿಂದ 8,123 ರೂಪಾಯಿ ಕಡಿತವಾಯಿತು. ಒಟಿಪಿ ಕೇಳಲೇ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ಪದೇ ಪದೇ ಆಗುವ ಪಾವತಿ 15,000 ರೂಪಾಯಿ ಒಳಗಿದ್ದರೆ ಪ್ರತಿ ಸಲ ಒಟಿಪಿ ಬೇಕಿಲ್ಲ. 24 ಗಂಟೆ ಮೊದಲು ಸೂಚನೆ ಬಂದರೆ ಸಾಕು. ಸೂಚನೆ ಬಂದಿತ್ತು. ಬ್ಯಾಂಕಿನಿಂದ ಬರುವ ಹತ್ತಾರು ಎಸ್‌ಎಂಎಸ್‌ಗಳಲ್ಲಿ ಇದೂ ಒಂದು ಎಂದು ಅಪ್ಪ ಬಿಟ್ಟಿದ್ದರು.

ಬಿಲ್ ಬಿಡಿಸಿ ನೋಡಿದಾಗ ಲೆಕ್ಕ ಹೀಗಿತ್ತು. 30 ದಿನ ಎಂದರೆ 720 ಗಂಟೆ, ಗಂಟೆಗೆ 8ರಂತೆ 5,760 ರೂಪಾಯಿ. ಮಷಿನ್‌ಗೆ ಅಂಟಿಸಿದ 100 ಜಿಬಿ ಡಿಸ್ಕ್‌ಗೆ 800. ಇಂಟರ್ನೆಟ್‌ನಲ್ಲಿ ಕಾಣಿಸಿಕೊಳ್ಳಲು ಬೇಕಾದ ಐಪಿ ವಿಳಾಸಕ್ಕೆ ಗಂಟೆಗೆ 45 ಪೈಸೆಯಂತೆ 324. ಒಟ್ಟು 6,884, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ. ನಾವು ನಿಜವಾಗಿ ಮಷಿನ್ ಬಳಸಿದ್ದು 40 ಗಂಟೆ ಇರಬಹುದು, ಅದರ ಬಾಡಿಗೆ 320 ರೂಪಾಯಿ. ಉಳಿದ 680 ಗಂಟೆ ಅದು ಯಾರಿಗೂ ಕೆಲಸ ಮಾಡದೆ ಸುಮ್ಮನೆ ಓಡುತ್ತಿತ್ತು.

ಇದನ್ನು ಅಪ್ಪನಿಗೆ ಹೇಗೆ ವಿವರಿಸುವುದು ಎಂದು ನಾನು ತಡವರಿಸುತ್ತಿದ್ದೆ. ಎರಡು ಮಾತು ಕೇಳಿ ಅವರೇ ಹೇಳಿದರು: ‘ಟ್ರ್ಯಾಕ್ಟರ್ ಬಾಡಿಗೆಗೆ ತಂದು, ಇಂಜಿನ್ ಆಫ್ ಮಾಡ್ದೆ ಹೊಲದಲ್ಲೇ ಬಿಟ್ಟು ಬಂದಂಗಾಯ್ತು, ಅಷ್ಟೇ ತಾನೇ?’

ಅಷ್ಟೇ. ಆದರೆ ಅದನ್ನು ನಮಗೆ ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ಬಾಡಿಗೆ ಯಂತ್ರದ ಲೆಕ್ಕ

ಕ್ಲೌಡ್ ಎಂದರೆ ಆಕಾಶದಲ್ಲಿ ಇರುವುದಲ್ಲ. ಮುಂಬೈ, ಹೈದರಾಬಾದ್, ಪುಣೆ, ಚೆನ್ನೈಗಳಲ್ಲಿರುವ ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ಜೋಡಿಸಿದ ಕಂಪ್ಯೂಟರ್‌ಗಳು ಅವು. ಹೈಪರ್‌ವೈಸರ್ ಎಂಬ ತಂತ್ರಾಂಶ ಒಂದು ದೊಡ್ಡ ಕಂಪ್ಯೂಟರನ್ನು ಹಲವು ಪಾಲು ಮಾಡುತ್ತದೆ. ಒಂದೊಂದು ಪಾಲೂ ಸ್ವತಂತ್ರ ಕಂಪ್ಯೂಟರ್‌ನಂತೆ ಕೆಲಸ ಮಾಡುತ್ತದೆ. ಅದೇ ವರ್ಚುವಲ್ ಮಷಿನ್, ಚಿಕ್ಕದಾಗಿ ವಿಎಂ. ಅಮೆಜಾನ್ 2006ರಲ್ಲಿ ಇಂಥ ಮಷಿನ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿತು. 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದ್‌ನಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಮೈಕ್ರೊಸಾಫ್ಟ್ ಮತ್ತು ಗೂಗಲ್ ಕೂಡ ಭಾರತದಲ್ಲಿ ಕೇಂದ್ರಗಳನ್ನು ಹೊಂದಿವೆ.

ಹಳ್ಳಿಯವರಿಗೆ ಈ ವ್ಯವಹಾರ ಹೊಸದಲ್ಲ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರ್, ರೋಟವೇಟರ್ ಬಾಡಿಗೆಗೆ ಸಿಗುತ್ತವೆ. ವರ್ಷದಲ್ಲಿ ನಾಲ್ಕು ದಿನದ ಉಳುಮೆಗೆ ಲಕ್ಷಾಂತರ ರೂಪಾಯಿ ಕೊಟ್ಟು ಟ್ರ್ಯಾಕ್ಟರ್ ಕೊಳ್ಳುವುದು ಬೇಡ ಎನ್ನುವುದೇ ಅದರ ಹಿಂದಿನ ಲೆಕ್ಕ. ಕ್ಲೌಡ್ ಹಿಂದಿನ ಲೆಕ್ಕವೂ ಅದೇ. ಒಂದೇ ವ್ಯತ್ಯಾಸ ಏನೆಂದರೆ, ಬಾಡಿಗೆ ಟ್ರ್ಯಾಕ್ಟರ್ ಜೊತೆ ಡ್ರೈವರ್ ಬರುತ್ತಾನೆ, ಕೆಲಸ ಮುಗಿದ ಕೂಡಲೇ ಗಾಡಿ ತೆಗೆದುಕೊಂಡು ಹೋಗುತ್ತಾನೆ. ವಿಎಂ ಜೊತೆ ಯಾರೂ ಬರುವುದಿಲ್ಲ. ನೀವು ಹೋಗಿ ನಿಲ್ಲಿಸುವ ತನಕ ಅದು ಓಡುತ್ತಲೇ ಇರುತ್ತದೆ. ಅದರಲ್ಲಿ ಕೆಲಸ ನಡೆದಿದೆಯೋ ಇಲ್ಲವೋ ಎಂದು ಮೀಟರ್ ನೋಡುವುದಿಲ್ಲ, ಆನ್ ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ.

ನಿಲ್ಲಿಸಿದರೂ ನಿಲ್ಲದ ಮೀಟರ್

ನಿಲ್ಲಿಸುವುದರಲ್ಲೂ ಬಗೆಗಳಿವೆ. ವಿಎಂ ‘ಸ್ಟಾಪ್’ ಮಾಡಿದರೆ ಗಂಟೆ ಬಾಡಿಗೆ ನಿಲ್ಲುತ್ತದೆ, ಆದರೆ ಅದರ ಡಿಸ್ಕ್ ನಿಮ್ಮ ಹೆಸರಿನಲ್ಲೇ ಉಳಿಯುವುದರಿಂದ ಡಿಸ್ಕ್ ಬಾಡಿಗೆ ನಡೆಯುತ್ತಿರುತ್ತದೆ. ಟ್ರ್ಯಾಕ್ಟರ್ ವಾಪಸ್ ಕಳಿಸಿ, ರೋಟವೇಟರ್ ಮಾತ್ರ ಹಿತ್ತಿಲಲ್ಲಿ ಇಟ್ಟುಕೊಂಡ ಹಾಗೆ. ಪೂರ್ತಿ ಬೇಡವಾದರೆ ಮಷಿನ್ ಅಳಿಸಬೇಕು, ಡಿಸ್ಕ್ ಕೂಡ ಅಳಿಸಿಹೋಯಿತೇ ಎಂದು ನೋಡಬೇಕು. ಮೈಕ್ರೊಸಾಫ್ಟ್‌ನ ಅಜೂರ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಷಿನ್ ಒಳಗಿನಿಂದಲೇ ಶಟ್‌ಡೌನ್ ಮಾಡಿದರೆ ಬಾಡಿಗೆ ನಿಲ್ಲುವುದಿಲ್ಲ. ಅಜೂರ್ ಪೋರ್ಟಲ್‌ಗೆ ಹೋಗಿ ನಿಲ್ಲಿಸಿ, ‘ಡೀಅಲೊಕೇಟೆಡ್’ ಎಂದು ತೋರಿಸಿದ ಮೇಲಷ್ಟೇ ಮೀಟರ್ ನಿಲ್ಲುತ್ತದೆ.

ಐಪಿ ವಿಳಾಸದ್ದೂ ಇದೇ ಕತೆ. ಹಳೆಯ ಮಾದರಿಯ ಐಪಿವಿ4 ವಿಳಾಸಗಳು ಜಗತ್ತಿನಲ್ಲಿ ಬಹುತೇಕ ಖಾಲಿಯಾಗಿರುವುದರಿಂದ ಅವಕ್ಕೆ ಬೆಲೆ ಬಂದಿದೆ. 2024ರ ಫೆಬ್ರುವರಿ 1ರಿಂದ ಅಮೆಜಾನ್ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ, ಬಳಕೆಯಲ್ಲಿದ್ದರೂ ಇಲ್ಲದಿದ್ದರೂ, ಗಂಟೆಗೆ ಅರ್ಧ ಸೆಂಟ್ ವಿಧಿಸುತ್ತಿದೆ. ಹಳೆಯ ಯೂಟ್ಯೂಬ್ ವಿಡಿಯೊ ನೋಡಿ ‘ಇದು ಉಚಿತ’ ಎಂದು ನಂಬಿದವರಿಗೆ ಬಿಲ್ ಬಂದ ಮೇಲೆ ಗೊತ್ತಾಗುತ್ತದೆ.

ಇನ್ನು ಡೇಟಾ. ಕ್ಲೌಡ್‌ಗೆ ಕಳಿಸುವ ಡೇಟಾಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಹೊರಗೆ ತರುವುದಕ್ಕೆ ಇದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹಳೇಬೀಡಿನ ಶಿಲ್ಪಗಳ ಫೋಟೊ ಇರುವ ಒಂದು ವೆಬ್‌ಸೈಟ್ ಮಾಡಿದ್ದೀರಿ ಎಂದುಕೊಳ್ಳಿ. ಕ್ಯಾಮೆರಾದಿಂದ ಬಂದ ಫೋಟೊಗಳನ್ನು ಹಾಗೇ ಹಾಕಿದರೆ ಒಬ್ಬ ಸಂದರ್ಶಕ ನೋಡುವಷ್ಟರಲ್ಲಿ 20 ಎಂಬಿ ಹೋಗುತ್ತದೆ. ತಿಂಗಳಿಗೆ 10,000 ಜನ ನೋಡಿದರೆ 200 ಜಿಬಿ. ಅಮೆಜಾನ್‌ನಲ್ಲಿ ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ಮುಂಬೈ ಕೇಂದ್ರದಲ್ಲಿ ಜಿಬಿಗೆ ಹೆಚ್ಚುಕಡಿಮೆ 10 ರೂಪಾಯಿ. ಅಲ್ಲಿಗೆ ಸಾವಿರ ರೂಪಾಯಿ ಆಯಿತು. ಅದೇ ಫೋಟೊಗಳನ್ನು ಕುಗ್ಗಿಸಿ 2 ಎಂಬಿಗೆ ಇಳಿಸಿದರೆ ಒಟ್ಟು 20 ಜಿಬಿ, ಖರ್ಚು ಸೊನ್ನೆ. ಮೊಬೈಲ್‌ನಲ್ಲಿ ಬೇಗ ತೆರೆದುಕೊಳ್ಳುವುದು ಇನ್ನೊಂದು ಲಾಭ.

ಕೊನೆಯದು ಡಾಲರ್. ದೊಡ್ಡ ಕಂಪನಿಗಳ ದರಪಟ್ಟಿ ಡಾಲರ್‌ನಲ್ಲೇ ಇರುತ್ತದೆ, ನಮ್ಮ ಕೈಗೆ ಬರುವ ಬಿಲ್ ಮಾತ್ರ ರೂಪಾಯಿಯಲ್ಲಿ. 2016ರಲ್ಲಿ ಅಮೆಜಾನ್ ಮುಂಬೈಗೆ ಬಂದಾಗ ಡಾಲರ್ ಬೆಲೆ ಸುಮಾರು 67 ರೂಪಾಯಿ ಇತ್ತು. 2025ರ ಡಿಸೆಂಬರ್‌ನಲ್ಲಿ ಅದು 90 ದಾಟಿತು. ಕಂಪನಿ ಒಂದು ಸೆಂಟ್ ಕೂಡ ಏರಿಸದಿದ್ದರೂ, ಅದೇ ಮಷಿನ್‌ಗೆ ಇಲ್ಲಿನ ಬಳಕೆದಾರ ಮೂರನೇ ಒಂದು ಭಾಗದಷ್ಟು ಹೆಚ್ಚು ಕೊಡುವಂತಾಯಿತು.

ಯಾವ ಕೆಲಸಕ್ಕೆ ಬಾಡಿಗೆ, ಯಾವುದಕ್ಕೆ ಸ್ವಂತ?

ಹಾಗಾದರೆ ಕ್ಲೌಡ್ ದುಬಾರಿಯೇ? ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಕೆಲಸ ಎಂಥದ್ದು ಎನ್ನುವುದರ ಮೇಲೆ ನಿಂತಿದೆ.

ಬೆಂಗಳೂರಿನ ಷೇರು ವಹಿವಾಟು ಕಂಪನಿ ಜೆರೋಧಾದ ಉದಾಹರಣೆ ನೋಡಿ. ದಿನದ ವಹಿವಾಟು ಮುಗಿದ ಮೇಲೆ ಅದು ವಹಿವಾಟು ಮಾಡಿದ ಪ್ರತಿ ಗ್ರಾಹಕನಿಗೂ ಡಿಜಿಟಲ್ ಸಹಿ ಇರುವ ಕಾಂಟ್ರಾಕ್ಟ್ ನೋಟ್ ಕಳಿಸಬೇಕು. ಹಿಂದೆ ಈ ಕೆಲಸಕ್ಕೆ 7–8 ಗಂಟೆ ಹಿಡಿಯುತ್ತಿತ್ತು. ಈಗ 15 ಲಕ್ಷಕ್ಕೂ ಹೆಚ್ಚು ಪಿಡಿಎಫ್‌ಗಳು 25 ನಿಮಿಷದಲ್ಲಿ ಸಿದ್ಧವಾಗುತ್ತವೆ ಎಂದು ಅದರ ಎಂಜಿನಿಯರ್‌ಗಳು 2024ರಲ್ಲಿ ವಿವರಿಸಿದ್ದರು. ಪಿಡಿಎಫ್ ತಯಾರಿಸುವ ತಂತ್ರಾಂಶವನ್ನೇ ಬದಲಿಸಿದ್ದು ಒಂದು ಕಾರಣ. ಆ ಹೊತ್ತಿಗೆ ಮಾತ್ರ ಬಹಳಷ್ಟು ವಿಎಂಗಳನ್ನು ಏಳಿಸಿ, ಕೆಲಸ ಮುಗಿದ ಕೂಡಲೇ ಎಲ್ಲವನ್ನೂ ಅಳಿಸುವುದು ಇನ್ನೊಂದು. ಒಂದು ಮಷಿನ್ 100 ಗಂಟೆ ಓಡಿದರೂ, 100 ಮಷಿನ್ ಒಂದು ಗಂಟೆ ಓಡಿದರೂ ಬಾಡಿಗೆ ಒಂದೇ. ಕ್ಲೌಡ್‌ನ ನಿಜವಾದ ಶಕ್ತಿ ಇರುವುದು ಇಲ್ಲಿ. ಸ್ವಂತ ಕಂಪ್ಯೂಟರ್ ಇದ್ದರೆ ಇದು ಆಗದ ಮಾತು. 25 ನಿಮಿಷಕ್ಕಾಗಿ 100 ಕಂಪ್ಯೂಟರ್ ಕೊಂಡು ಯಾರು ಇಡುತ್ತಾರೆ?

ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದ 37ಸಿಗ್ನಲ್ಸ್ ಎಂಬ ತಂತ್ರಾಂಶ ಕಂಪನಿಯದು. 2022ರಲ್ಲಿ ಅದು ಕ್ಲೌಡ್‌ಗಾಗಿ 32 ಲಕ್ಷ ಡಾಲರ್ ಖರ್ಚು ಮಾಡಿತ್ತು. ಆಮೇಲೆ ಸುಮಾರು 7 ಲಕ್ಷ ಡಾಲರ್ ಕೊಟ್ಟು ಸ್ವಂತ ಸರ್ವರ್ ಕೊಂಡು ಹೆಚ್ಚಿನ ಕೆಲಸವನ್ನು ಅದಕ್ಕೆ ವರ್ಗಾಯಿಸಿತು. ಇದರಿಂದ ವರ್ಷಕ್ಕೆ 20 ಲಕ್ಷ ಡಾಲರ್ ಹತ್ತಿರ ಉಳಿಯುತ್ತಿದೆ ಎಂದು 2024ರಲ್ಲಿ ಹೇಳಿಕೊಂಡಿತು. ಅದರ ಕೆಲಸ ಹಗಲೂ ರಾತ್ರಿ ಒಂದೇ ಸಮ ಇತ್ತು. ದಿನವೂ ಉಳುವವನು ಬಾಡಿಗೆ ಟ್ರ್ಯಾಕ್ಟರ್ ನೆಚ್ಚಿಕೊಳ್ಳುವುದಿಲ್ಲವಲ್ಲ, ಹಾಗೆ.

ಇದನ್ನು ಕೇಳಿ ಅರಸೀಕೆರೆಯಲ್ಲೂ ಒಂದು ಸರ್ವರ್ ತಂದಿಡೋಣ ಎನ್ನುವ ಮೊದಲು ಲೆಕ್ಕ ಹಾಕಬೇಕು. ಗಂಟೆಗೆ 8 ರೂಪಾಯಿಯ ಮಷಿನ್ ವರ್ಷಪೂರ್ತಿ ಓಡಿದರೆ 70,080 ರೂಪಾಯಿ. ಆ ದುಡ್ಡಿಗೆ ಅದಕ್ಕಿಂತ ಒಳ್ಳೆಯ ಡೆಸ್ಕ್‌ಟಾಪ್ ಬರುತ್ತದೆ, ನಿಜ. ಆದರೆ ಕರೆಂಟ್ ಹೋದಾಗ ಯುಪಿಎಸ್ ಬೇಕು, ಬ್ರಾಡ್‌ಬ್ಯಾಂಡ್ ಕೇಬಲ್ ಕಡಿದರೆ ಎರಡನೇ ಸಂಪರ್ಕ ಬೇಕು, ಡಿಸ್ಕ್ ಕೆಟ್ಟರೆ ಬದಲಿ ಬೇಕು, ರಾತ್ರಿ ಹನ್ನೊಂದಕ್ಕೆ ಕೈಕೊಟ್ಟರೆ ಎದ್ದು ಬರುವ ಒಬ್ಬ ಮನುಷ್ಯ ಬೇಕು. ಮಧ್ಯದ ದಾರಿಯೂ ಇದೆ. ಒಂದು ಅಥವಾ ಮೂರು ವರ್ಷ ಬಳಸುತ್ತೇವೆ ಎಂದು ಕರಾರು ಮಾಡಿಕೊಂಡರೆ ಗರಿಷ್ಠ ಶೇ 72ರವರೆಗೆ ರಿಯಾಯಿತಿ ಇದೆ ಎಂದು ಅಮೆಜಾನ್ ಹೇಳುತ್ತದೆ. ಖಾಲಿ ಉಳಿದ ಮಷಿನ್‌ಗಳನ್ನು ‘ಸ್ಪಾಟ್’ ದರದಲ್ಲಿ ಶೇ 90ರವರೆಗೆ ಕಡಿಮೆಗೆ ಕೊಡುತ್ತದೆ. ಆದರೆ ಬೇರೆಯವರಿಗೆ ಬೇಕಾದಾಗ ಎರಡು ನಿಮಿಷದ ಸೂಚನೆ ಕೊಟ್ಟು ಕಿತ್ತುಕೊಳ್ಳುತ್ತದೆ. ಅರ್ಧಕ್ಕೆ ನಿಂತರೂ ಮತ್ತೆ ಮುಂದುವರಿಸಬಹುದಾದ ಕೆಲಸಕ್ಕೆ ಅದು ಸರಿ.

ಕಡಿಮೆ ಮಷಿನ್ ಇಟ್ಟರೆ ದುಡ್ಡು ಉಳಿಯಿತು ಎನ್ನುವುದೂ ಪೂರ್ತಿ ಸತ್ಯವಲ್ಲ. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾಸಿಂಧು ಪೋರ್ಟಲ್ ಮೇಲೆ ಒಮ್ಮೆಲೇ ಒತ್ತಡ ಬಿದ್ದು, ರಾಜ್ಯದ ಹಲವೆಡೆ ಜನ ಸರ್ವರ್‌ಗಾಗಿ ಕಾದರು. ಅಂಥ ದಿನ ಕೂಲಿ ಬಿಟ್ಟು ಬಂದು ಸರದಿಯಲ್ಲಿ ನಿಂತವರ ಅರ್ಧ ದಿನದ ದುಡಿಮೆ ಯಾವ ಕ್ಲೌಡ್ ಬಿಲ್‌ನಲ್ಲೂ ಕಾಣುವುದಿಲ್ಲ. ಖರ್ಚು ಮಾತ್ರ ಯಾರೋ ಒಬ್ಬರ ಮೇಲೆ ಬಿದ್ದೇ ಬೀಳುತ್ತದೆ.

ಕಲಿಯುವವರಿಗೆ ಪ್ರಿಪೇಯ್ಡ್ ಯಾಕಿಲ್ಲ?

ನನ್ನ ಮುಖ್ಯ ಪ್ರಶ್ನೆ ಇದು. ನಮ್ಮ ಪೀಳಿಗೆ ಮೊಬೈಲ್ ಕಲಿತದ್ದು ಪ್ರಿಪೇಯ್ಡ್ ರೀಚಾರ್ಜ್‌ನಲ್ಲಿ. ಹಾಕಿಸಿದ ದುಡ್ಡು ಮುಗಿದರೆ ಫೋನ್ ನಿಲ್ಲುತ್ತದೆ, ಸಾಲ ಬೆಳೆಯುವುದಿಲ್ಲ. ಕ್ಲೌಡ್ ಮಾತ್ರ ಮೊದಲ ದಿನದಿಂದಲೇ ಪೋಸ್ಟ್‌ಪೇಯ್ಡ್, ಅದಕ್ಕೆ ಮಿತಿಯೂ ಇಲ್ಲ. ‘ಬಜೆಟ್ ಅಲರ್ಟ್’ ಎಂಬ ಸೌಲಭ್ಯ ಇದೆ ಎನ್ನುತ್ತಾರೆ. ಅದು ತಾನಾಗಿಯೇ ಕೂಗುತ್ತದೆ, ತಾನಾಗಿಯೇ ನಿಲ್ಲಿಸುವುದಿಲ್ಲ. ಮಿತಿ ದಾಟಿದಾಗ ಇಮೇಲ್ ಬರುತ್ತದೆ. ಪರೀಕ್ಷೆ ಹೊತ್ತಿನಲ್ಲಿ ಯಾರು ಇಮೇಲ್ ನೋಡುತ್ತಾರೆ?

ಕಂಪನಿಗಳ ಕಡೆಯ ವಾದವನ್ನೂ ಕೇಳಬೇಕು. ಒಂದು ಆಸ್ಪತ್ರೆಯ ವ್ಯವಸ್ಥೆ ಕ್ಲೌಡ್‌ನಲ್ಲಿ ಓಡುತ್ತಿದ್ದರೆ, ಬಜೆಟ್ ಮುಗಿಯಿತು ಎಂದು ಮಧ್ಯರಾತ್ರಿ ಅದನ್ನು ನಿಲ್ಲಿಸಲು ಆಗುತ್ತದೆಯೇ? ಡಿಸ್ಕ್ ಅಳಿಸಿದರೆ ಡೇಟಾ ಹೋಗುತ್ತದೆ. ಈ ವಾದ ವ್ಯಾಪಾರಕ್ಕೆ ಒಪ್ಪುತ್ತದೆ, ಕೊಬ್ಬರಿ ದರದ ಮಿನಿ ಪ್ರಾಜೆಕ್ಟ್‌ಗೆ ಒಪ್ಪುವುದಿಲ್ಲ. ನಮ್ಮ ಪ್ರಾಜೆಕ್ಟ್ ನಿಂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಮಿತಿ ಹಾಕುವುದು ತಾಂತ್ರಿಕವಾಗಿ ಅಸಾಧ್ಯ ಎನ್ನುವಂತೆಯೂ ಇಲ್ಲ. ‘ಅಜೂರ್ ಫಾರ್ ಸ್ಟೂಡೆಂಟ್ಸ್’ ಯೋಜನೆಯಲ್ಲಿ ಕ್ರೆಡಿಟ್ ಕಾರ್ಡ್ ಇಲ್ಲದೆಯೇ 100 ಡಾಲರ್ ಕ್ರೆಡಿಟ್ ಸಿಗುತ್ತದೆ, ಅದು ಮುಗಿದರೆ ಸೇವೆ ನಿಲ್ಲುತ್ತದೆ. ಅಮೆಜಾನ್ 2025ರ ಜುಲೈಯಿಂದ ಹೊಸ ಖಾತೆಗಳಿಗೆ ಇಂಥದ್ದೇ ಉಚಿತ ಪ್ಲಾನ್ ತಂದಿದೆ. ಆರು ತಿಂಗಳು ಕಳೆದರೆ ಅಥವಾ ಕ್ರೆಡಿಟ್ ಮುಗಿದರೆ, ಯಾವುದು ಮೊದಲೋ ಆಗ ಖಾತೆ ಮುಚ್ಚುತ್ತದೆ, ಬಿಲ್ ಬರುವುದಿಲ್ಲ. ಹಾಗಿದ್ದರೆ ಕ್ರೆಡಿಟ್ ಮುಗಿದ ಮೇಲೂ 200 ರೂಪಾಯಿ ರೀಚಾರ್ಜ್ ಮಾಡಿ, ಅಷ್ಟಕ್ಕೇ ಬಳಸುವ ಅವಕಾಶ ವಿದ್ಯಾರ್ಥಿಗಳಿಗೆ ಯಾಕಿರಬಾರದು?

ಸರ್ಕಾರವೂ ಈ ದಿಕ್ಕಿನಲ್ಲಿ ಯೋಚಿಸಬಹುದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಇಂಡಿಯಾ ಎಐ’ ಮಿಷನ್‌ಗೆ 10,371.92 ಕೋಟಿ ರೂಪಾಯಿ ಇಡಲಾಗಿದೆ. ಅದರಡಿ 38,000 ಜಿಪಿಯುಗಳನ್ನು ಗಂಟೆಗೆ ಸುಮಾರು 65 ರೂಪಾಯಿಯ ಸಬ್ಸಿಡಿ ದರದಲ್ಲಿ ಕೊಡುವುದಾಗಿ ಸರ್ಕಾರ ಹೇಳಿದೆ. ಒಳ್ಳೆಯ ಹೆಜ್ಜೆ. ಆದರೆ ತಾಲ್ಲೂಕು ಕೇಂದ್ರಗಳ ಪಾಲಿಟೆಕ್ನಿಕ್, ಪದವಿ ಕಾಲೇಜುಗಳಲ್ಲಿ ಓದುವ ಹೆಚ್ಚಿನವರಿಗೆ ಬೇಕಾಗಿರುವುದು ಜಿಪಿಯು ಅಲ್ಲ. ಗಂಟೆಗೆ ಒಂದೋ ಎರಡೋ ರೂಪಾಯಿಯ ಸಾದಾ ವಿಎಂ, ಅದಕ್ಕೊಂದು ಗಟ್ಟಿ ಮಿತಿ. ಪ್ರತಿ ಕಾಲೇಜಿಗೂ ಒಂದು ಖಾತೆ, ಪ್ರತಿ ವಿದ್ಯಾರ್ಥಿಗೂ ಸೆಮಿಸ್ಟರಿಗೆ ಇಷ್ಟು ಗಂಟೆ ಎಂದು ಹಂಚಿದರೆ ಸಾಕು. ಅಪ್ಪನ ಕಾರ್ಡ್ ಕೇಳುವ ಪ್ರಸಂಗ ಬರುವುದಿಲ್ಲ. ಕಾರ್ಡ್ ಇಲ್ಲದ ಮನೆಯ ಹುಡುಗಿಗೂ ಕಲಿಯುವ ಅವಕಾಶ ಸಿಗುತ್ತದೆ.

ಪಠ್ಯದಲ್ಲೂ ಬದಲಾವಣೆ ಬೇಕು. ಕ್ಲೌಡ್ ಕಂಪ್ಯೂಟಿಂಗ್ ಪರೀಕ್ಷೆಯಲ್ಲಿ ನಾವು ಹೈಪರ್‌ವೈಸರ್‌ನ ಬಗೆಗಳನ್ನು ಚಿತ್ರ ಸಮೇತ ಬರೆಯುತ್ತೇವೆ. ‘ಈ ಬಿಲ್ ಓದಿ, ಎಲ್ಲಿ ದುಡ್ಡು ಪೋಲಾಗಿದೆ ಹೇಳಿ’ ಎಂಬ ಪ್ರಶ್ನೆಯನ್ನು ನಾನಂತೂ ನೋಡಿಲ್ಲ. ಉದ್ಯೋಗದಲ್ಲಿ ಕೇಳುವುದು ಇದನ್ನೇ. ಕ್ಲೌಡ್ ಖರ್ಚು ನಿಭಾಯಿಸುವ ಕೆಲಸಕ್ಕೆ ‘ಫಿನ್‌ಆಪ್ಸ್’ ಎಂಬ ಹೆಸರೇ ಬಂದಿದೆ, ಅದಕ್ಕೆಂದೇ ಸರ್ಟಿಫಿಕೇಟ್ ಪರೀಕ್ಷೆಗಳಿವೆ. ಕೋಡಿಂಗ್ ಬರುವವರು ಲಕ್ಷ ಜನ ಇದ್ದಾರೆ, ಅದರ ಖರ್ಚೆಷ್ಟು ಎಂದು ಹೇಳಬಲ್ಲವರು ಕಡಿಮೆ. ಸಂದರ್ಶನಕ್ಕೆ ಹೋಗುವವರು ತಮ್ಮ ಪ್ರಾಜೆಕ್ಟ್ ಬಗ್ಗೆ ಹೇಳುವಾಗ ‘ಇದನ್ನು ತಿಂಗಳಿಗೆ ಇಷ್ಟು ರೂಪಾಯಿಯಲ್ಲಿ ಓಡಿಸುತ್ತಿದ್ದೇನೆ’ ಎಂಬ ಒಂದು ವಾಕ್ಯ ಸೇರಿಸಿ ನೋಡಿ.

ಅಲ್ಲಿಯ ತನಕ ನಾವೇ ಮಾಡಿಕೊಳ್ಳಬೇಕಾದ ಕೆಲವು ಕೆಲಸಗಳಿವೆ. ಮಷಿನ್ ಆನ್ ಮಾಡುವ ಮೊದಲು ಗಂಟೆಯ ದರವನ್ನು 720ರಿಂದ ಗುಣಿಸಿ, ಆ ಮೊತ್ತ ಕೊಡಲು ಸಿದ್ಧವಿದ್ದೇನೆಯೇ ಎಂದು ಕೇಳಿಕೊಳ್ಳಿ. ತಾನಾಗಿಯೇ ಆಫ್ ಆಗುವ ಸಮಯ ಮೊದಲೇ ನಿಗದಿ ಮಾಡಿ. ಬಜೆಟ್ ಅಲರ್ಟನ್ನು ಗುಂಪಿನ ಎಲ್ಲರ ಇಮೇಲ್‌ಗೂ ಬರುವಂತೆ ಇಡಿ. ಖಾತೆಯ ಕೀಲಿಗಳನ್ನು ಮರೆತೂ ಗಿಟ್‌ಹಬ್‌ಗೆ ಹಾಕಬೇಡಿ. ಅವನ್ನು ಹುಡುಕುತ್ತಲೇ ಇರುವ ಕಳ್ಳರು ನಿಮ್ಮ ಖರ್ಚಿನಲ್ಲಿ ಕ್ರಿಪ್ಟೊ ಗಣಿಗಾರಿಕೆ ನಡೆಸುತ್ತಾರೆ. ಬಿಲ್ ಬಂದೇಬಿಟ್ಟರೆ ಹೆದರಿ ಸುಮ್ಮನಿರದೆ ಅದೇ ದಿನ ಎಲ್ಲವನ್ನೂ ಅಳಿಸಿ, ಕಂಪನಿಯ ಸಹಾಯ ವಿಭಾಗಕ್ಕೆ ಬರೆಯಿರಿ. ನಾವು ಬರೆದೆವು. ಮೊದಲ ತಪ್ಪು ಎಂದು ಒಂದು ಭಾಗ ಮನ್ನಾ ಆಯಿತು. ಉಳಿದದ್ದನ್ನು ನಾಲ್ವರೂ ಹಂಚಿಕೊಂಡು ಅಪ್ಪನಿಗೆ ಕೊಟ್ಟೆವು.

ಪ್ರಾಜೆಕ್ಟ್ ನಿಲ್ಲಿಸಲಿಲ್ಲ. ಯೋಚಿಸಿ ನೋಡಿದರೆ ಕೊಬ್ಬರಿ ಹರಾಜು ದಿನವೂ ನಡೆಯುವುದಿಲ್ಲ, ವಾರದಲ್ಲಿ ನಿಗದಿತ ದಿನ ಮಾತ್ರ. ದರ ಬದಲಾಗದ ದಿನ ಮಷಿನ್ ಯಾಕೆ ಓಡಬೇಕು? ಪ್ರೋಗ್ರಾಂ ಸಣ್ಣದು ಮಾಡಿ, ಗಂಟೆಗೆ ಒಂದು ರೂಪಾಯಿಯ ಮಷಿನ್‌ಗೆ ಇಳಿಸಿದೆವು. ಹರಾಜಿನ ದಿನ ಮೂರು ಗಂಟೆ ಆನ್ ಆಗುತ್ತದೆ, ದರ ಪಡೆದು ಒಂದು ಸಾದಾ ಪುಟ ಬರೆದಿಟ್ಟು ತಾನೇ ಆಫ್ ಆಗುತ್ತದೆ. ಆ ಪುಟ ಉಚಿತ ಹೋಸ್ಟಿಂಗ್‌ನಲ್ಲಿ ಇದೆ. ತಿಂಗಳಿಗೆ 26 ಗಂಟೆ, 10 ಜಿಬಿ ಡಿಸ್ಕ್, ಅಷ್ಟು ಹೊತ್ತಿನ ಐಪಿ ವಿಳಾಸ, ಜಿಎಸ್‌ಟಿ ಎಲ್ಲ ಸೇರಿ ಹೋದ ತಿಂಗಳ ಬಿಲ್ 139 ರೂಪಾಯಿ.

ಅಪ್ಪ ಈಗ ದರ ನೋಡಲು ಅದೇ ಪುಟ ತೆರೆಯುತ್ತಾರೆ. ನೋಡಿದ ಮೇಲೆ ಪ್ರತಿ ಸಲವೂ ಒಂದು ಮಾತು ಕೇಳುತ್ತಾರೆ: ‘ಇಂಜಿನ್ ಆಫ್ ಮಾಡಿದ್ದೀಯ ತಾನೇ?’